ನಮ್ಮ ಮಾವನ ನಾಲಗೆ

ನಮ್ಮ ಮಾವ ದಾರಿಯಲ್ಲಿ ನಡೆಯುವಾಗ ಎದುರಿಗೆ ಬರುವವರ ಮುಖ ನೋಡುತ್ತಿರಲಿಲ್ಲ, ಬೇಲಿಯ ಎಲೆ ನೋಡುತ್ತಿದ್ದರು. ಎಲೆಯಲ್ಲಿ ತೂತಿದ್ದರೆ ಮುಂದಕ್ಕೆ ಹೋಗುವರು. ತೂತಿಲ್ಲದ ಎಲೆ ಕಂಡಿತೋ, ಅಲ್ಲೇ ನಿಂತು, ಚಿವುಟಿ, ಪಂಚೆಗೆ ಒರೆಸಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುವರು. ಮಗಳಿಗೆ ಗಂಡು ನೋಡಲು ನಮ್ಮ ಮನೆಗೆ ಬಂದ ದಿನವೂ ಅಷ್ಟೆ. ನಮ್ಮಪ್ಪ ಚಾಪೆ ಹಾಸಿ, ಕಾಫಿ ಇಟ್ಟುಕೊಂಡು ಕಾಯುತ್ತಿದ್ದರೆ, ಇವರು ಹಿತ್ತಲ ಬೇಲಿ ಪಕ್ಕ ನಿಂತು ಲಕ್ಕಿಸೊಪ್ಪು ಅಗಿಯುತ್ತಿದ್ದರು. ನಮ್ಮವ್ವ ಕಿಟಕಿಯಲ್ಲಿ ನೋಡಿ ಬಂದು ನನ್ನ ಕಿವಿಯಲ್ಲಿ, "ಎಣ್ಣಿನಪ್ಪ ಮೇಯ್ತಾವ್ನೆ ಕಣಪ್ಪ, ಈ ಸಂಬಂದ ಬ್ಯಾಡ" ಅಂದಳು. ನಾನು ಆಗಲೇ ಹೆಣ್ಣನ್ನು ನೋಡಿ ಬಂದಿದ್ದೆ. ಅವರಪ್ಪ ಮೇಯ್ದರೆ ಮೇಯಲಿ, ಹುಲ್ಲಿನ ಖರ್ಚು ಉಳಿಯಿತು ಅಂದುಕೊಂಡು ಸುಮ್ಮನಾದೆ.

ಹೆಸರು ಮಲ್ಲಪ್ಪ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯವರು. ಆ ಕಡೆ ಅವರನ್ನು ಕಹಿ ಮಲ್ಲಪ್ಪ ಅನ್ನುತ್ತಿದ್ದರು. ತಿನ್ನುವುದೂ ಕಹಿ, ಆಡುವುದೂ ಕಹಿ, ಹೀಗಾಗಿ ಹೆಸರಿಟ್ಟವರು ಜಾಸ್ತಿ ಯೋಚನೆ ಮಾಡಬೇಕಾಗಿರಲಿಲ್ಲ. ಮೂಗನ್ನು ಚಿಕ್ಕಂದಿನಲ್ಲೇ ನಸ್ಯಕ್ಕೆ ಬರೆದುಕೊಟ್ಟುಬಿಟ್ಟಿದ್ದರು. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಅವರಿಗೆ ವಾಸನೆ ಹತ್ತುತ್ತಿರಲಿಲ್ಲ. ದೇವರು ಮೂಗಿಗೆ ಕೊಟ್ಟ ಬುದ್ಧಿಯೂ ಸೇರಿ ಎಲ್ಲ ನಾಲಗೆಗೆ ಇಳಿದಿತ್ತು.

"ಎಲೆನಾಗೆ ತೂತಿಲ್ಲ ಅಂದ್ರೆ ಏನರ್ಥ ಅಳಿದೇವ್ರೇ?" ಅನ್ನುವರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ದೇವರು ಅನ್ನುವ ಮಾತನ್ನು ಅಷ್ಟು ಅನುಮಾನದಿಂದ ಆಡಿದವರನ್ನು ನಾನು ಬೇರೆ ಕಂಡಿಲ್ಲ. "ಉಳ ಬಂದು, ರುಚಿ ನೋಡಿ, ಥೂ ಅಂದ್ಬುಟ್ಟು ಓಗದೆ ಅಂತ. ಉಳ ಸುಮ್‌ಸುಮ್ಕೆ ಥೂ ಅನ್ನಕಿಲ್ಲ. ಅದ್ಕೇನು ಬ್ಯಾರೆ ಕೆಲ್ಸ ಅದಾ? ತಿನ್ನದೇ ಕೆಲ್ಸ. ತಿನ್ನದನ್ನೇ ಕಸುಬು ಮಾಡ್ಕಂಡಿರೋನು ಬ್ಯಾಡ ಅಂದ ಅಂದ್ರೆ, ಅಲ್ಲೇನೋ ಅದೆ."

ಆ ಏನೋ ಏನೆಂದು ನೋಡುವುದಕ್ಕೆ ಒಂದು ಸಲ ಕಾಡುಗೆಸದ ಎಲೆ ಅಗಿದರು. ನಾಲಗೆ ಊದಿಕೊಂಡು ಎರಡು ದಿನ ಮಾತು ನಿಂತುಹೋಯಿತು. ಆ ಎರಡು ದಿನವನ್ನು ದಂಡಿಗನಹಳ್ಳಿ ಕಡೆಯ ಜನ ಈಗಲೂ ಸಂತೋಷದಿಂದ ನೆನೆಯುತ್ತಾರೆ. ಮೂರನೇ ದಿನ ಬಾಯಿ ಬಿಟ್ಟವರೇ, "ಉಳ ನನ್ಗಿಂತ ಬುದ್ವಂತ" ಅಂದರಂತೆ. ಮನುಷ್ಯರಲ್ಲಿ ಯಾರಿಗೂ ಅವರು ಆ ಮಾತು ಅಂದದ್ದಿಲ್ಲ.

ಇದನ್ನೆಲ್ಲ ಈಗ ಕೂತು ಬರೆಯುವುದಕ್ಕೆ ಕಾರಣ ನನ್ನ ಮೊಮ್ಮಗಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಬರೆದದ್ದು ರುಜು ಮಾತ್ರ. ಈಗ ಕೈ ನಿಲ್ಲುತ್ತಿಲ್ಲ. ಮಗಳು ಸುಮ ಹಾಸನದಿಂದ ಕೂಸು ಎತ್ತಿಕೊಂಡು ಬಂದು ಹದಿನೈದು ದಿನವಾಯಿತು. ಹದಿನೆಂಟು ತಿಂಗಳ ಕೂಸು, ಚಿನ್ನಿ ಅಂತ ಕರೆಯುತ್ತೇವೆ. ಹಲ್ಲು ಎಷ್ಟು ಬಂದಿವೆ ಅಂತ ದಿನಾ ಎಣಿಸುತ್ತೇನೆ. ಎಣಿಸಿದ್ದಕ್ಕೆ ಬೆರಳು ಕಚ್ಚುತ್ತಾಳೆ. ಕಚ್ಚಿದ್ದನ್ನು ಬೀದಿಯವರಿಗೆಲ್ಲ ತೋರಿಸಿ ಬಂದಿದ್ದೇನೆ. "ಲೋಕದಾಗೆ ಇನ್ಯಾರ್ಗೂ ಮೊಮ್ಮಕ್ಳು ಉಟ್ಟಿಲ್ವಾ?" ಅನ್ನುತ್ತಾಳೆ ನಮ್ಮ ಮನೆಯವಳು ಗಂಗಮ್ಮ. ಹುಟ್ಟಿರಬಹುದು. ಇಂಥದ್ದು ಹುಟ್ಟಿಲ್ಲ. ಈ ಚಿನ್ನಿಗೂ ನಮ್ಮ ಮಾವನಿಗೂ ನಂಟು ಏನು ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ಹುಳದ ಕಥೆ ಹೇಳಬೇಕು. ಹುಳದ ಕಥೆಯಲ್ಲಿ ನನ್ನ ಮಾನ ಹೋಗುತ್ತದೆ, ಆದರೂ ಹೇಳುತ್ತೇನೆ.

ನಮ್ಮದು ಅರಕಲಗೂಡು ತಾಲ್ಲೂಕು, ಹೊಗೆಸೊಪ್ಪಿನ ಬೇಸಾಯ. ಹೊಗೆಸೊಪ್ಪನ್ನು ರಾಗಿಯಂತೆ ನೆಟ್ಟಗೆ ಹೊಲಕ್ಕೆ ಎರಚುವುದಲ್ಲ. ಬೀಜ ಸಾಸಿವೆಗಿಂತ ಸಣ್ಣ. ಬೇಸಿಗೆಯಲ್ಲಿ ಮಡಿ ಮಾಡಿ, ಬೀಜ ಚೆಲ್ಲಿ, ಸಸಿಯ ಒಟ್ಲು ಹಾಕಿ, ಮೇಲೆ ಹುಲ್ಲು ಹೊದಿಸಿ, ದಿನಾ ನೀರು ಚಿಮುಕಿಸಿ, ಎರಡು ತಿಂಗಳು ಕೂಸು ಸಾಕಿದಂತೆ ಸಾಕಿ, ಮಳೆ ಬಿದ್ದ ಮೇಲೆ ಸಸಿ ಕಿತ್ತು ಹೊಲಕ್ಕೆ ನೆಡಬೇಕು. ಒಟ್ಲು ಹೋದರೆ ಆ ವರ್ಷವೇ ಹೋಯಿತು. ಆ ಒಟ್ಲಿಗೆ ಬರುವುದು ಒಂದು ಎಲೆ ತಿನ್ನುವ ಹುಳ. ಹಗಲೆಲ್ಲ ಹುಲ್ಲಿನ ಅಡಿ ಸಭ್ಯಸ್ಥನಂತೆ ಮಲಗಿರುತ್ತದೆ. ಹೊತ್ತು ಮುಳುಗಿದ ಮೇಲೆ ಹೊರಡುತ್ತದೆ, ನಮ್ಮೂರ ಕೆಲವು ಗಂಡಸರ ಹಾಗೆ. ಬೆಳಗಾಗುವುದರೊಳಗೆ ಎಲೆ ಜಾಲರಿಯಾಗಿರುತ್ತದೆ. ಎಲ್ಲರೂ ಮಾಡುತ್ತಿದ್ದಂತೆ ನಾನೂ ಅರಕಲಗೂಡಿನ ಅಂಗಡಿಯಿಂದ ಔಷಧಿ ತಂದು ಹೊಡೆಯುತ್ತಿದ್ದೆ. ವಿಷಕ್ಕೆ ನಾವು ಔಷಧಿ ಅಂತಲೇ ಅನ್ನುವುದು. ಹುಳಕ್ಕೆ ಏನೋ ಕಾಯಿಲೆ, ನಾವು ವಾಸಿ ಮಾಡುತ್ತಿದ್ದೇವೆ ಅನ್ನುವ ಹಾಗೆ.

ನಮ್ಮೂರಿಗೆಲ್ಲ ಒಂದೇ ಫೋನು ಇದ್ದ ಕಾಲ. ಒಂದು ಏಪ್ರಿಲ್ ತಿಂಗಳು, ಸುಮ ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಇರಬೇಕು, ಮಾವ ಹೇಳದೆ ಕೇಳದೆ ಬಂದಿಳಿದರು. ಹೆಗಲ ಮೇಲೆ ಒಂದು ಗೋಣಿಮೂಟೆ. ದಂಡಿಗನಹಳ್ಳಿ ಕಡೆ ಒಣ ಸೀಮೆ, ಬೇವಿನ ಮರ ಜಾಸ್ತಿ. ಹಿಂದಿನ ಮಳೆಗಾಲದಲ್ಲಿ ಉದುರಿದ ಹಣ್ಣು ಆರಿಸಿ, ಸಿಪ್ಪೆ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟಿದ್ದ ಬೀಜ. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು, "ಏನಜ್ಜ ಮೂಟೆಲಿ?" ಅಂದನಂತೆ. "ಗೋಡಂಬಿ ಜಾತೀದು ಕಣಪ್ಪ, ಬಾಯ್ಗೆ ಆಕ್ಕೊಂಡ್ ನೋಡು" ಅಂತ ಒಂದು ಬೀಜ ಒಡೆದು ಕೊಟ್ಟರಂತೆ. ಆ ಪುಣ್ಯಾತ್ಮ ಹಾಕಿಕೊಂಡ. ಅರಕಲಗೂಡು ಬರುವವರೆಗೂ ಕಿಟಕಿಯಾಚೆ ಉಗಿಯುತ್ತಾ ಬಂದನೇ ಹೊರತು, ಮೂಟೆಗೆ ಟಿಕೆಟ್ಟು ಕೇಳುವುದಕ್ಕೆ ಅವನ ಬಾಯಿ ಬಿಡುವಾಗಲಿಲ್ಲ.

ಮಗಳ ಮನೆಯಲ್ಲಿ ಬಂದು ಕೂರುವುದು ಅಂದರೆ ಮಾವನಿಗೆ ನಾಚಿಕೆ. ಒಂದು ರಾತ್ರಿ ಉಳಿದರೆ ಎರಡನೇ ದಿನ ಚಪ್ಪಲಿ ಹುಡುಕುವರು. ಆ ಮೂಟೆ ಹೊತ್ತು ತಂದದ್ದು ಮೂರು ವಾರ ಮಗಳ ಕಣ್ಣೆದುರು ಇರುವುದಕ್ಕೊಂದು ನೆಪ ಅಂತ ನನಗೆ ಆಗ ಹೊಳೆಯಲಿಲ್ಲ. ನನ್ನ ಬೇಸಾಯಕ್ಕೆ ಬುದ್ಧಿ ಹೇಳಲು ಬಂದಿದ್ದಾರೆ ಅಂತ ಉರಿದುಕೊಂಡೆ.

ಬಂದ ದಿನವೇ ಕೆಲಸ ಶುರು. ಗಂಗಮ್ಮ ಒರಳಲ್ಲಿ ಬೀಜ ಕುಟ್ಟಿದಳು. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಂಡೆ ನೀರಲ್ಲಿ ನೆನೆಹಾಕಿದರು. ಮಾರನೇ ದಿನ ಗಂಟು ಹಿಂಡಿದರೆ ನೀರು ಹಾಲಿನಂತೆ ಬೆಳ್ಳಗಾಯಿತು. ಎಲೆಗೆ ಅಂಟಲಿ ಅಂತ ಅಂಟುವಾಳದ ನೊರೆ ಕಲಸಿದರು. ಹೊಡೆಯುವುದು ಮಾತ್ರ ಸಂಜೆ. "ಬಿಸ್ಲು ಕಯಿ ಕುಡಿದ್ಬುಡ್ತದೆ" ಅನ್ನುವರು. ನಾನು ಪಂಪು ಬೆನ್ನಿಗೆ ಹಾಕಿಕೊಂಡೇ ಗೊಣಗಿದೆ.

"ಮಾವ, ಈ ಉಳ ಒಗೆಸೊಪ್ಪನ್ನೇ ಅಸೀದು ತಿಂತದೆ. ಮನ್ಸ ತಿಂದ್ರೆ ತಲೆ ತಿರ್ಗಿ ಬೀಳ್ತಾನೆ. ಅಂಥದು ನಿಮ್ ಬೇವಿಗೆ ಸಾಯ್ತದಾ?"

"ಸಾಯ್ಬೇಕು ಅಂತ ಯಾರ್ ಯೋಳಿದ್ರು ನಿಮ್ಗೆ?"

"ಸಾಯ್ದೆ ಇದ್ರೆ ಯಾಕ್ ಒಡೀಬೇಕು?"

ಮಾವ ಮನೆಯ ಕಡೆ ಕೈ ತೋರಿಸಿದರು. ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. "ಅಗೋ ಅವ್ಳಿಗೆ ಎರ್ಡು ವರ್ಸ ತುಂಬಿದ್ರೂ ಮೊಲೆ ಬುಡ್ನಿಲ್ಲ. ಅವ್ರವ್ವ ಬೇವು ಅರ್ದು ಅಚ್ಕಂಡು ಕುಂತ್ಲು. ಇವ್ಳು ಬಂದು ಬಾಯಿ ಇಕ್ಕುದ್ಲು, ಮಕ ಇಂಡ್ಕಂಡು ತಿರುಗ್ಸುದ್ಲು. ನಾಕ್ ದಿನಕ್ಕೆ ಮುದ್ದೆಗೆ ಬಂದ್ಲು. ಸತ್ತೋದ್ಲಾ? ಸಾಯ್ನಿಲ್ಲ. ಇವತ್ಗೂ ನಿಮ್ಮನ್ನ ಗೋಳುಯ್ಕತಾ ಅವ್ಳೆ. ಬೇವು ಕೊಲ್ಲದಲ್ಲ ಅಳಿದೇವ್ರೇ, ಬಾಯಿ ತಿರುಗ್ಸದು."

ಮಾರನೇ ಬೆಳಿಗ್ಗೆ ನಾನು ಎದ್ದು ಮುಖ ತೊಳೆಯುವ ಮೊದಲೇ ಮಾವ ಮಡಿ ಹತ್ತಿರ ಕೂತಿದ್ದರು. ಒಂದು ಪುಟ್ಟ ಎಲೆ ಚಿವುಟಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ಉಗಿದು, "ಕಯಿ ಕೂತದೆ" ಅಂದರು. ಇದು ಅವರ ದಿನದ ಪದ್ಧತಿಯಾಯಿತು. ಕಹಿ ತೆಳ್ಳಗಾಯಿತು ಅಂತ ನಾಲಗೆ ಹೇಳಿದ ದಿನ ಮತ್ತೆ ಹೊಡೆಯುವುದು. ನನ್ನ ಕಣ್ಣು ಮಾತ್ರ ಹುಲ್ಲಿನ ಅಡಿ ಹೆಣ ಹುಡುಕುತ್ತಿತ್ತು. ಒಂದೂ ಸತ್ತಿರಲಿಲ್ಲ. ಎಲ್ಲವೂ ಆರೋಗ್ಯವಾಗಿದ್ದವು. ಎರಡನೇ ದಿನವೂ ಅಷ್ಟೆ.

ಪಕ್ಕದ ಹೊಲದ ಕಾಳೇಗೌಡ ಬದುವಿನ ಮೇಲೆ ನಿಂತು, "ಏನಣ್ಣ, ಉಳಗೋಳಿಗೆ ಕಸಾಯ ಕೊಟ್ಟು ಬಾಣಂತನ ಮಾಡ್ತಿದೀಯಂತೆ? ಎಣ್ಣೆನೀರು ಯಾವತ್ತು?" ಅಂದ. ಅವನ ಮಡಿಯಲ್ಲಿ ಹುಳ ರಾಶಿ ರಾಶಿ ಸತ್ತು ಬಿದ್ದಿತ್ತು. ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸತ್ತ ಹುಳ ಕಂಡು ಹೊಟ್ಟೆಕಿಚ್ಚು ಪಡುವ ಜಾತಿ ನಮ್ಮದು. ಎಲೆಯಲ್ಲಿ ತೂತು ಎಷ್ಟು ಅಂತ ಎಣಿಸುವುದಿಲ್ಲ, ಹೆಣ ಎಷ್ಟು ಅಂತ ಎಣಿಸುತ್ತೇವೆ.

ಆ ದಿನ ಮಾವ ಹೊಳೆನರಸೀಪುರದ ನೆಂಟರ ಮನೆಗೆ ಹೊರಟರು. ಎರಡು ದಿನ ಬಿಟ್ಟು ಬರುತ್ತೇನೆ ಅಂದರು. ಬಸ್ಸು ಹೊರಟದ್ದೇ ತಡ, ನಾನು ಸೈಕಲ್ ಹತ್ತಿ ಅರಕಲಗೂಡಿಗೆ ಹೋಗಿ ಔಷಧಿ ತಂದೆ. ಹನ್ನೆರಡು ಮಡಿಯಲ್ಲಿ ರಸ್ತೆ ಪಕ್ಕದ ನಾಲ್ಕು ಮಡಿಗೆ, ಕಾಳೇಗೌಡನಿಗೆ ಕಾಣುವಂತೆ, ಹೊತ್ತು ಮುಳುಗುವ ಮುಂಚೆ ಹೊಡೆದೆ. ಗಂಗಮ್ಮನಿಗೂ ಹೇಳಲಿಲ್ಲ. ಮಾವ ಬರುವಷ್ಟರಲ್ಲಿ ಸತ್ತ ಹುಳ ಗುಡಿಸಿ ಎಸೆದು, ಬೇವಿಗೇ ಸತ್ತವು ಅಂತ ಹೇಳಿ ಮುದುಕನನ್ನು ಖುಷಿಪಡಿಸುವ ಯೋಚನೆ. ಎಷ್ಟು ದೊಡ್ಡ ಮನಸ್ಸು ನೋಡಿ ನನ್ನದು.

ಮಾರನೇ ಬೆಳಿಗ್ಗೆ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದೆ. ಅಂಗಳ ಗುಡಿಸುತ್ತಿದ್ದ ಗಂಗಮ್ಮ ಅಲ್ಲಿಂದಲೇ, "ಅಪ್ಪ ಬಂದ್ಬುಟ್ರಲ್ಲ! ಮೊದಲ್ನೇ ಬಸ್ಸಿಗೇ ಬಂದವ್ರೆ. ಒಳೀಕೆ ಬರ್ನೇ ಇಲ್ಲ, ಒಟ್ಲು ತಾವ ಓದ್ರು" ಅಂದಳು.

ಚೊಂಬು ಎಲ್ಲಿ ಬಿತ್ತೋ ಗೊತ್ತಿಲ್ಲ. ಎದ್ದು ಒಟ್ಲಿನ ಕಡೆ ಓಡಿದೆ. ದೂರದಿಂದಲೇ ಕಂಡಿತು: ರಸ್ತೆ ಪಕ್ಕದ ಮೊದಲನೇ ಮಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬೇರೆಯವರಾದರೆ ಮೂಗಿಗೆ ನಾತ ಬಡಿದು ಎದ್ದು ಹೋಗುತ್ತಿದ್ದರು. ಇವರ ಮೂಗು ನಸ್ಯದ ಪಾಲು. ಕೈ ಎಲೆಗೆ ಹೋಯಿತು. "ಮಾವಾ, ಬ್ಯಾಡಿ!" ಅಂತ ಕೂಗಿದೆ. ಅವರು ನನ್ನ ಕಡೆ ತಿರುಗಿ, ಎಲೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿದರು.

ಹೋಗಿ ಮೇಲೆ ಬಿದ್ದೆ. ಇಬ್ಬರೂ ಮಡಿಯ ಮೇಲೆ ಉರುಳಿದೆವು. ದವಡೆ ಹಿಡಿದು, ಬಾಯಿಗೆ ಎರಡು ಬೆರಳು ತೂರಿಸಿ, ಎಲೆ ಕಿತ್ತು ಎಸೆದೆ. ಹೆಣ್ಣು ಕೊಟ್ಟ ಮಾವನ ಬಾಯಿಗೆ ಬೆರಳು ಹಾಕಿದ ಅಳಿಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅವರು ಬೆರಳು ಕಚ್ಚಿದರು. ಆಮೇಲೆ ಉಗಿದರು. ಆಮೇಲೆ ಮಡಿಯ ಮೇಲೆ ಕೂತೇ ನನ್ನ ಮುಖ ನೋಡಿದರು. ಸುತ್ತ ಹುಳ ಸತ್ತು ಬಿದ್ದಿತ್ತು.

"ಓ" ಅಂದರು. "ಉಳ ಸಾಯ್ನಿಲ್ಲ ಅಂತ ಮಾವನ್ನ ಇಡ್ಕಂಡ್ರಾ?"

ಸೋಪು ಹಾಕಿ ಬಾಯಿ ತೊಳೆಸಿ, ಕಾಳೇಗೌಡನ ಮೋಟರ್ ಸೈಕಲ್ಲಿನಲ್ಲಿ ಮಧ್ಯೆ ಕೂರಿಸಿಕೊಂಡು ಅರಕಲಗೂಡಿನ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಒಂದು ಸಲ ಅವರಿಗೆ ವಾಂತಿಯಾಯಿತು. ಗಾಡಿ ನಿಲ್ಲಿಸಿ, ಅವರ ಬೆನ್ನು ಸವರಿ, ಮತ್ತೆ ಹತ್ತಿಸಿಕೊಂಡೆವು. ಗಂಗಮ್ಮ ನಮ್ಮ ಹಿಂದೆಯೇ ಬಸ್ಸು ಹತ್ತಿ ಬಂದಳು. ಅವಳಿಗೆ ಏನು ಹೇಳಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ. ನಿಮ್ಮಪ್ಪ ಹೊತ್ತು ತಂದ ಮೂಟೆಯ ಮೇಲೆ ನಂಬಿಕೆಯಿಲ್ಲದೆ, ಅವರ ಬೆನ್ನ ಹಿಂದೆ, ಅವರು ದಿನಾ ಅಗಿಯುವ ಎಲೆಗೆ ವಿಷ ಹೊಡೆದೆ ಅನ್ನಬೇಕು. ಅಂದ ಮೇಲೆ ಅವಳು ನನ್ನ ಮನೆಯಲ್ಲಿ ಇರುತ್ತಾಳೋ ಇಲ್ಲವೋ.

ಡಾಕ್ಟರು ಹುಡುಗ ಪ್ರಾಯದವರು. ಹೊಟ್ಟೆ ತೊಳೆಸಿ, ಬಾಟಲಿ ಏರಿಸಿ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ನಮ್ಮನ್ನೆಲ್ಲ ಒಂದು ಥರಾ ನೋಡಿ, ಮಾವನನ್ನು ಕೇಳಿದರು: "ನಿಜ ಹೇಳಿ ಯಜಮಾನ್ರೆ. ಮನೇಲಿ ಏನಾದ್ರೂ ಜಗಳ ಆಗಿತ್ತಾ?"

"ಜಗ್ಳ ಆಗ್ದೆ ಇದ್ದ ದಿನ ಯಾವ್ದು ಸಾ?"

"ನೀವೇ ಕುಡಿದ್ರಾ, ಯಾರಾದ್ರೂ ಕೊಟ್ರಾ?"

ಗಂಗಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಮಾವ ದಿಂಬಿನ ಮೇಲೆ ಸ್ವಲ್ಪ ಎದ್ದು ಕೂತರು.

"ಯಾರೂ ಕೊಡ್ನಿಲ್ಲ ಸಾ. ಎಲೆ ರುಚಿ ನೋಡೋ ಚಾಳಿ ನಂದು. ಇವ್ರು ಮೊದ್ಲೇ ಯೋಳಿದ್ರು, ನಾಕ್ ಮಡಿಗೆ ಔಸ್ದಿ ಒಡ್ದೀವ್ನಿ ಮಾವ, ಮುಟ್ಬ್ಯಾಡಿ ಅಂತ. ವಯಸ್ಸಾಯ್ತಲ್ಲ, ಮರ್ತೋಯ್ತು. ನಮ್ ಅಳಿದೇವ್ರು ಬಾಯಿಗ್ ಕೈ ಆಕಿ ಕಿತ್ರು, ಇಲ್ದೆ ಇದ್ರೆ ಇಸ್ಟೊತ್ಗೆ ಮುಗ್ದೋಗಿರೋದು."

ಅವತ್ತು ಅವರು ಅಂದ ದೇವರು ಅನ್ನುವ ಮಾತಿನಲ್ಲಿ ಅನುಮಾನ ಇರಲಿಲ್ಲ. ಅದಕ್ಕೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಹೊರಗೆ ಬಂದು ಆಸ್ಪತ್ರೆ ಕಾಂಪೌಂಡಿನ ಹಿಂದೆ ನಿಂತು ಅತ್ತೆ. ಗಂಗಮ್ಮ ಹಿಂದೆಯೇ ಬಂದು, "ಅಪ್ಪ ಉಳ್ಕಂಡ್ರಲ್ಲ, ಅಳ್ಬ್ಯಾಡಿ" ಅಂದಳು. ಅವಳಿಗೆ ನಿಜ ಹೇಳಿದ್ದು ಮಾವ ತೀರಿಕೊಂಡು ಒಂದು ವರ್ಷದ ಮೇಲೆ. ಅವಳಿಗೆ ಆಗಲೇ ಗೊತ್ತಿತ್ತಂತೆ. ಆಸ್ಪತ್ರೆಯಲ್ಲಿ ಗೋಡೆ ನೋಡುತ್ತಾ ನಿಂತವನ ಮುಖದಲ್ಲೇ ಎಲ್ಲ ಬರೆದಿತ್ತಂತೆ.

ಮಾವ ಮೂರನೇ ದಿನಕ್ಕೆ ಮನೆಗೆ ಬಂದರು. ಬಂದವರೇ ನೆಟ್ಟಗೆ ಮಡಿ ಹತ್ತಿರ. ನಾನೂ ಹಿಂದೆ ಹೋದೆ. ಬೇವಿನ ಮಡಿಯಲ್ಲಿ ಒಂದು ಎಲೆ ಚಿವುಟಿದರು. ಬಾಯಿಗೆ ಒಯ್ಯಲಿಲ್ಲ. ನನ್ನ ಕಡೆ ಚಾಚಿದರು.

"ಮೊದ್ಲು ನೀವ್ ತಿನ್ನಿ."

"ಮಾವ, ಇದ್ಕೆ ನಾನೇನೂ ಒಡ್ದಿಲ್ಲ. ಆಣೆಗೂ."

"ದ್ಯಾವ್ರಿಗೆ ನೈವೇದ್ಯ ಆಗ್ದೆ ನಾವೆಂಗ್ ತಿನ್ನದು? ತಿನ್ನಿ."

ತಿಂದೆ. ಅಯ್ಯೋ ಶಿವನೇ. ಹೊಗೆಸೊಪ್ಪಿನ ಘಾಟು ಒಂದು ಕಡೆ, ಅದರ ಮೇಲೆ ಕೂತ ಬೇವಿನ ಕಹಿ ಒಂದು ಕಡೆ. ಗಂಟಲಿನವರೆಗೂ ಹೋಗಿ ಅಲ್ಲಿ ಮನೆ ಕಟ್ಟಿತು. ನನ್ನ ಮುಖ ನೋಡಿ ಬದುವಿನ ಮೇಲಿದ್ದ ಕಾಳೇಗೌಡ ಕೂತು ನಕ್ಕ. ಮಾವ ಒಂದು ನಿಮಿಷ ಕಾದರು, ನಾನು ಬೀಳುತ್ತೇನೋ ಅಂತ. ಬೀಳಲಿಲ್ಲ. ಆಮೇಲೆ ತಾವು ಒಂದು ಎಲೆ ಹಾಕಿಕೊಂಡು, "ಕೂತದೆ" ಅಂದರು.

ಆ ಬೇವಿನ ಮಡಿಗಳನ್ನು ಆಗಲೇ ನಾನು ಸರಿಯಾಗಿ ನೋಡಿದ್ದು. ಹಳೇ ತೂತು ಹಳೇ ತೂತಾಗಿಯೇ ಇತ್ತು. ಹೊಸ ತೂತು ಬಿದ್ದಿರಲಿಲ್ಲ. ಹುಳ ಬದುಕಿದ್ದವು, ಬದುಕಿ ಏನು ಬಂತು, ಅಂಚಿನ ಮೇಲೆ ಸೊರಗಿ ಅಲೆಯುತ್ತಿದ್ದವು, ಮದುವೆ ಮನೆಯಲ್ಲಿ ಎಲೆ ಸಿಗದ ನೆಂಟರ ಹಾಗೆ. ಗೊರವಂಕಗಳು ಹಗಲಲ್ಲೇ ಬಂದು ಹೆಕ್ಕಿಕೊಂಡು ಹೋಗುತ್ತಿದ್ದವು. ನಾನು ಔಷಧಿ ಹೊಡೆದ ನಾಲ್ಕು ಮಡಿ ಒಂದು ವಾರ ಚೆನ್ನಾಗಿತ್ತು. ಆಮೇಲೆ ಎಲ್ಲಿಂದಲೋ ಹೊಸ ದಂಡು ಬಂದು ಕೂತಿತು. ಕಾಳೇಗೌಡನ ಮಡಿಗೂ ಬಂದು ಕೂತಿತು. ಅವನು ಮತ್ತೆ ಹೊಡೆದ. ಅವು ಮತ್ತೆ ಬಂದವು.

"ಕೊಂದ್ರೆ ಅಣ್ತಮ್ಮಂದೀರು ಬತ್ತರೆ ಅಳಿದೇವ್ರೇ" ಅಂದರು ಮಾವ. "ಆ ಮನೇಲಿ ಊಟ ಸರಿ ಇಲ್ಲ ಅಂತ ಗೊತ್ತಾದ್ರೆ ಯಾರೂ ಬರಕಿಲ್ಲ. ನಮ್ ಚಿಕ್ಕಮ್ಮ ಇದ್ಲು, ಅವ್ಳು ಕಾಯಿಸಿದ್ ಸಾರಿಗೆ ಎದ್ರಿ ಮೂವತ್ ವರ್ಸ ಒಬ್ಬ ನೆಂಟ ಬರ್ನಿಲ್ಲ. ಒಬ್ರುನ್ನೂ ಕೊಲ್ನಿಲ್ಲ ಪಾಪ."

ಆ ವರ್ಷ ನಮ್ಮ ಹೊಲಕ್ಕೆ ನೆಟ್ಟು ಮಿಕ್ಕ ಸಸಿಯನ್ನು ಕಾಳೇಗೌಡ ಬುಟ್ಟಿಯಲ್ಲಿ ತುಂಬಿಕೊಂಡು ಹೋದ. ಬಾಣಂತನದ ಮಾತು ಆಡಲಿಲ್ಲ. ಮುಂದಿನ ವರ್ಷ ಅವನ ಹೆಂಡತಿಯೂ ಒರಳಿಗೆ ಬೀಜ ಹಾಕಿಕೊಂಡು ಕೂತಳು. ಹೋಗುವ ಮೊದಲು ಮಾವ ನಮ್ಮ ಹಿತ್ತಲಲ್ಲಿ ಒಂದು ಬೇವಿನ ಸಸಿ ನೆಟ್ಟರು. "ನನ್ ಎಗ್ಲು ಇರೋಗಂಟ ಮೂಟೆ ಬತ್ತದೆ. ಆಮೇಲೆ ನೀವೇ ನೋಡ್ಕಳಿ" ಅಂದರು.

ಅಲ್ಲಿಂದ ಪ್ರತಿ ಬೇಸಿಗೆಯೂ ಮೂಟೆ ಬಂತು, ಮೂಟೆಯ ಕೆಳಗೆ ಮಾವ ಬಂದರು. ಪ್ರತಿ ಬೆಳಿಗ್ಗೆಯೂ "ಮೊದ್ಲು ನೀವ್ ತಿನ್ನಿ." ನೆಂಟರಿದ್ದರೂ ಬಿಡಲಿಲ್ಲ, ಕೂಲಿಯವರಿದ್ದರೂ ಬಿಡಲಿಲ್ಲ. ನಾನು ಮುಖ ಕಿವುಚುವುದನ್ನು ನೋಡಲೆಂದೇ ಹೆಣ್ಣಾಳುಗಳು ಬೇಗ ಬರುತ್ತಿದ್ದರು. ಯಾಕೆ ಹೀಗೆ ಅಂತ ಯಾರಾದರೂ ಕೇಳಿದರೆ, "ನಮ್ ವಂಸದ ಪದ್ದತಿ" ಅನ್ನುವರು. ನಿಜವಾದ ಕಾರಣ ಅವರ ಬಾಯಿಂದ ಒಂದು ದಿನವೂ ಹೊರಗೆ ಬರಲಿಲ್ಲ. ಅಷ್ಟು ಮಾತಾಡುವ ಬಾಯಿ ಅದೊಂದನ್ನು ಹೇಗೆ ಹಿಡಿದುಕೊಂಡಿತೋ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಸಲ ಅರಕಲಗೂಡಿನ ಅದೇ ಔಷಧಿ ಅಂಗಡಿಗೆ ಮಾವನ ಜೊತೆ ಹೋಗಿದ್ದೆ, ಪಂಪಿಗೆ ವಾಷರು ತರುವುದಕ್ಕೆ. ಅಂಗಡಿಯವನು ಹೊಳೆಯುವ ಒಂದು ಬಾಟಲಿ ತೋರಿಸಿದ. ಮೇಲೆ ಬೇವಿನ ಎಲೆಯ ಚಿತ್ರ.

"ಹೊಸದು ಬಂದಿದೆ ಯಜಮಾನ್ರೆ. ಹುಳ ಸಾಯಲ್ಲ, ಆದ್ರೆ ಎಲೆ ತಿನ್ನೋದನ್ನ ಬಿಟ್ಟುಬಿಡುತ್ತೆ. ಸೈನ್ಸು. ನಿಮಗೆ ಅರ್ಥ ಆಗಲ್ಲ ಬಿಡಿ."

ಮಾವ ತಲೆಯಾಡಿಸಿದರು. "ಅವ್ದಾ? ತಿನ್ನದೇ ಬುಟ್ಬುಡ್ತದಾ? ಎಲಾ ಇವ್ನ!" ಅಂದು, ಮುಚ್ಚಳ ತೆಗೆಸಿ, ಬೆರಳದ್ದಿ, ಅಂಗಡಿಯವನು ಹಾಂ ಹಾಂ ಅನ್ನುವಷ್ಟರಲ್ಲಿ ಬೆರಳನ್ನು ನನ್ನ ಮುಂದೆ ಹಿಡಿದರು. "ಮೊದ್ಲು ನೀವು." ಹತ್ತು ಜನ ನಿಂತಿದ್ದ ಅಂಗಡಿಯಲ್ಲಿ ನಾನು ಮಾವನ ಬೆರಳು ನೆಕ್ಕಿದೆ. ಆಮೇಲೆ ಅವರೂ ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ತೆಗೆದು, "ಕಯಿ ಒಸಿ ಕಮ್ಮಿ ಅದೆ. ಬಾಟ್ಲಿ ಬಲು ಚೆನ್ನಾಗದೆ" ಅಂದರು.

ಆಮೇಲೆ ಒಂದು ಬೇಸಿಗೆಗೆ ಮೂಟೆ ಬಂತು, ಮಾವ ಬರಲಿಲ್ಲ. ಅವರ ಮಗ ಬಸ್ಸಿಗೆ ಹಾಕಿ ಕಳಿಸಿದ್ದ. ಮೂಟೆ ಅರ್ಧ ಮಾತ್ರ ಇತ್ತು. ಅಷ್ಟನ್ನೂ ಮಾವನೇ ನೆಲದ ಮೇಲೆ ಕೂತು, ತೆವಳಿಕೊಂಡು, ಆರಿಸಿದ್ದರಂತೆ. ಅದನ್ನೇ ಹೊಡೆದು, ಮಾರನೇ ಬೆಳಿಗ್ಗೆ ನಾಲ್ಕು ಎಲೆ ಚಿವುಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಗಂಗಮ್ಮನನ್ನು ಕರೆದುಕೊಂಡು ದಂಡಿಗನಹಳ್ಳಿ ಕಡೆ ಹೊರಟೆ. ನೋಡಲು ಹೋಗುವವರು ಕಿತ್ತಳೆ ತೆಗೆದುಕೊಂಡು ಹೋಗುತ್ತಾರೆ, ನಾನು ಬೇವು ಹೊಡೆದ ಹೊಗೆಸೊಪ್ಪು ಒಯ್ದೆ.

ಮಲಗಿದ್ದರು. ಮೈ ಇಳಿದುಹೋಗಿತ್ತು. ಮನೆತುಂಬ ಮಕ್ಕಳು ಸೊಸೆಯರು. ಒಬ್ಬರು ಗಂಜಿ ಹಿಡಿದರೆ ಒಬ್ಬರು ಹಾಲು ಹಿಡಿಯುವರು, ಯಾವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲವಂತೆ. ನಾನು ಬಟ್ಟೆ ಬಿಚ್ಚಿದ್ದನ್ನು ನೋಡಿ ಕಣ್ಣು ಅರಳಿತು. "ತಂದ್ರಾ?" ಅಂದರು.

ಎಲೆ ಮುರಿದು, ಎಷ್ಟೋ ವರ್ಷದ ರೂಢಿಯಂತೆ, ಮೊದಲ ಚೂರು ನನ್ನ ಬಾಯಿಗೆ ಒಯ್ದೆ. ಮಾವ ನನ್ನ ಮಣಿಕಟ್ಟು ಹಿಡಿದರು. ಹಿಡಿತದಲ್ಲಿ ಶಕ್ತಿ ಇರಲಿಲ್ಲ.

"ಈ ಸಲ ಬ್ಯಾಡ ಬುಡಿ" ಅಂದರು. ನನ್ನ ಕೈಯನ್ನು ಹಾಗೇ ತಮ್ಮ ಕಡೆಗೆ ಎಳೆದುಕೊಂಡು, ಬಾಯಿ ತೆರೆದರು.

ಹಲ್ಲಿರಲಿಲ್ಲ. ವಸಡಲ್ಲೇ ಅಗಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿಯೇ ಇದ್ದರು, ನಾವೆಲ್ಲ ಹೆದರಿದೆವು.

"ಕೂತದೆ" ಅಂದರು. ಆಮೇಲೆ ಒಂದು ಕಣ್ಣು ಮಾತ್ರ ತೆರೆದು, "ಉಳ ಏನಂತು ಅಳಿದೇವ್ರೇ?"

"ಥೂ ಅಂತು ಮಾವ."

ನಕ್ಕರು. ಗಂಗಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದಳು. ಸಸಿ ಕಿತ್ತು ನೆಡುವ ಮಳೆ ಬರುವುದರೊಳಗೆ ಹೋಗಿಬಿಟ್ಟರು.

ಈಗ ನನ್ನ ಚಿನ್ನಿಯ ವಿಷಯ. ಅನ್ನ ಕಂಡರೆ ಓಡುತ್ತಾಳೆ, ಮೊಲೆ ಬಿಡುವುದಿಲ್ಲ. ಹಾಸನದಲ್ಲಿ ಏನೇನೋ ಮಾಡಿ ಸೋತು, ಸುಮ ತವರಿಗೆ ಬಂದದ್ದೇ ಅದಕ್ಕೆ. ನಿನ್ನೆ ಬೆಳಿಗ್ಗೆ ಗಂಗಮ್ಮ ಹಿತ್ತಲ ಬೇವಿನ ಮರದಿಂದ ಚಿಗುರು ಕಿತ್ತು ತಂದು ನುಣ್ಣಗೆ ಅರೆದಳು. ಮಾವ ನೆಟ್ಟ ಸಸಿ ಈಗ ಹೆಂಚಿಗಿಂತ ಎತ್ತರವಿದೆ. ಬಟ್ಟಲು ಕೈಗೆ ಬಂದಾಗ ಸುಮ ಹಿಂದೆಮುಂದೆ ನೋಡಿದಳು.

"ಅಮ್ಮ, ಮಗೂಗೆ ಏನೂ ಆಗಲ್ಲ ತಾನೆ?"

"ನಂಗೇನಾಯ್ತು?" ಅಂದಳು ಗಂಗಮ್ಮ.

ನನ್ನನ್ನು ಯಾರೂ ಕೇಳಿರಲಿಲ್ಲ. "ತಡಿ" ಅಂದು ಬಟ್ಟಲು ಈಸಿಕೊಂಡು, ಬೆರಳು ತುಂಬ ಬಳಿದು, ಮೊದಲು ನಾನು ತಿಂದೆ. ಮುಖ ಕಿವುಚಿಕೊಂಡಿತು. ಚಿನ್ನಿ ಅದನ್ನು ನೋಡಿ ಚಪ್ಪಾಳೆ ತಟ್ಟಿ ನಕ್ಕಳು, "ತಾತ, ಇನ್ನ" ಅಂದಳು. ಇನ್ನೊಂದು ಬೆರಳು ತಿಂದೆ. ಆ ನಗುವಿಗೆ ಬಟ್ಟಲೇ ಖಾಲಿ ಮಾಡುತ್ತಿದ್ದೆ, ಗಂಗಮ್ಮ ಕಿತ್ತುಕೊಂಡಳು.

ಸುಮ ಹಚ್ಚಿಕೊಂಡು ಒಳಗೆ ಕೂತಳು. ನಾನು ಬಾಗಿಲಾಚೆ ಮುಖ ತಿರುಗಿಸಿ ನಿಂತೆ. ಚಿನ್ನಿ ಓಡುತ್ತಾ ಹೋದದ್ದು ಕೇಳಿಸಿತು. ಅಳು ಬರುತ್ತದೆ ಅಂತ ಕಾಯುತ್ತಿದ್ದೆ.

"ಥೂ" ಅಂತು ಕೂಸು.

ಸ್ಪಷ್ಟವಾಗಿ, ಒಂದೇ ಸಲ. ಅಂದು, ಹೊರಗೆ ನನ್ನ ಹತ್ತಿರ ಬಂದು, ಕಾಲು ತಬ್ಬಿಕೊಂಡು, ನಾಲಗೆ ಚಾಚಿ ತೋರಿಸಿತು. ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತೆ. ದಂಡಿಗನಹಳ್ಳಿಯಲ್ಲೂ ಈಗ ಮನೆಮನೆಗೂ ಫೋನು ಬಂದಿದೆ. ಮಾಡಿದರೆ ಎತ್ತಿಕೊಳ್ಳುವವರಿದ್ದಾರೆ, ಈ ಮಾತನ್ನು ಕೇಳಬೇಕಾದವರಿಲ್ಲ. ಗಂಗಮ್ಮ ಒಳಗಿನಿಂದ ನನಗೂ ಮಗುವಿಗೂ ಬೆಲ್ಲ ತಂದಳು. ಮಗುವಿನ ಬಾಯಿಗೆ ಹಾಕಿದೆ. ನಾನು ತಿನ್ನಲಿಲ್ಲ. ಸಂಜೆಯವರೆಗೂ ನಾಲಗೆಯ ಮೇಲೆ ಕಹಿ ಕೂತೇ ಇತ್ತು. ಕೂತಿರಲಿ ಅಂತ ನೀರನ್ನೂ ಕುಡಿಯಲಿಲ್ಲ.